ಯುರೇನಸ್ ಪಾಠ

ಚನ್ನಕೇಶವ ಮೇಷ್ಟ್ರಿಗೆ ಒಂದು ಚಟವಿತ್ತು. ಬೀಡಿಯದಲ್ಲ, ಇಸ್ಪೀಟಿನದಲ್ಲ, ಅರ್ಥ ಮಾಡಿಸುವ ಚಟ. ಎದುರಿಗೆ ಕೂತವನ ಮುಖ ಅರಳಿ "ಓಹೋ, ಹಂಗಾ!" ಅನ್ನುವ ತನಕ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕನಿಗೆ ಗ್ರಹಣ ಯಾಕೆ ಹಿಡಿಯುತ್ತದೆಂದು ಅರ್ಥ ಮಾಡಿಸುತ್ತಾ ಮಾಡಿಸುತ್ತಾ ತಾವು ಇಳಿಯುವ ಸ್ಟಾಪು ದಾಟಿಹೋಗಿ, ಮೂರು ಮೈಲಿ ವಾಪಸು ನಡೆದು ಬಂದಿದ್ದರು. ಮನೆಯಲ್ಲಿ ಹೆಂಡತಿ ಶ್ಯಾಮಲಮ್ಮ, "ಹಾಲು ಯಾಕೆ ಉಕ್ಕುತ್ತೆ ಅಂತ ಮಾತ್ರ ನನಗೆ ಹೇಳಬೇಡಿ, ಮೊದಲು ಒಲೆ ಆರಿಸಿ" ಎಂದು ಕೈ ಮುಗಿಯುತ್ತಿದ್ದರು. ಮೇಷ್ಟ್ರಿಗೆ ಇಂಥ ಚಟ ಒಳ್ಳೆಯದೇ ಎಂದು ಊರೆಲ್ಲ ಹೊಗಳುತ್ತಿತ್ತು. ಮುಂದೆ ನಡೆದದ್ದನ್ನು ಕೇಳಿದ ಮೇಲೆ ಹೊಗಳುವುದೋ ಬಿಡುವುದೋ, ನೀವೇ ನೋಡಿಕೊಳ್ಳಿ.

ಮೇಷ್ಟ್ರ ಹುಟ್ಟೂರು ಚಿಂತಾಮಣಿ ಕಡೆಯ ಕೈವಾರ. ಹೊಲ ಗದ್ದೆ, ಎರಡು ಜೊತೆ ಎತ್ತು, ಕೆಲಸಕ್ಕೆ ಆಳುಗಳಿದ್ದ ಮನೆ. ಕೆಲಸ ಸಿಕ್ಕಿದ್ದು ಗೌರಿಬಿದನೂರು ತಾಲ್ಲೂಕಿನ ರಾಚಗುಂಟೆಯ ಪ್ರೈಮರಿ ಸ್ಕೂಲಿನಲ್ಲಿ. ಗೌರಿಬಿದನೂರು ಪೇಟೆಯಲ್ಲಿ ಮನೆ ಮಾಡಿಕೊಂಡು ದಿನಾ ಸೈಕಲ್ ತುಳಿದು ಬರುತ್ತಿದ್ದರು. ಎರಡು ಕೊಠಡಿ, ಇಬ್ಬರು ಮೇಷ್ಟ್ರು. ಒಂದು ಎರಡು ಮೂರನೇ ಕ್ಲಾಸು ಹೆಡ್‌ಮೇಷ್ಟ್ರು ವೆಂಕಟರವಣಪ್ಪನವರಿಗೆ, ನಾಲ್ಕು ಐದು ಇವರಿಗೆ.

ಊರಿಂದ ಪೇಟೆಗೆ ಹೋಗುವ ದಾರಿಯಲ್ಲಿ ಎರಡು ಕಿಲೋಮೀಟರಿಗೆ ಒಂದು ಕೆರೆ. ರಸ್ತೆ ಆ ಕೆರೆಯ ಏರಿ ಹತ್ತಿ ಆಚೆ ಇಳಿಯುತ್ತದೆ. ಏರಿಯ ನೆತ್ತಿಯಲ್ಲಿ ಒಂದು ಮೈಲಿಗಲ್ಲು. ಇಳಿಜಾರಿನ ಕೊನೆಗೆ ತೂಬಿನ ಕಲ್ಲುಕಟ್ಟೆ, ಅದರಾಚೆ ಒಂದು ಕಾಲೋನಿ. ಕಬ್ಬು ಅರೆಯುವ ಕಾಲ ಬಂತೆಂದರೆ ಸಕ್ಕರೆ ಕಾರ್ಖಾನೆಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಅದೇ ದಾರಿಯಲ್ಲಿ ಹಗಲೆಲ್ಲ ಉಸ್ಸಪ್ಪಾ ಎಂದು ಏರಿ ಹತ್ತುತ್ತಿದ್ದವು. ಹತ್ತುವಾಗ ಮಕ್ಕಳ ಓಟಕ್ಕೆ ಸಿಗುವಷ್ಟು ನಿಧಾನ. ನೆತ್ತಿ ದಾಟಿತೋ, ಡೀಸೆಲ್ ಉಳಿಸಲು ಡ್ರೈವರುಗಳು ನ್ಯೂಟ್ರಲ್ ಮಾಡಿ ಬಿಟ್ಟುಬಿಡುತ್ತಿದ್ದರು. ಆಗ ಟ್ರಾಲಿಯೇ ಟ್ರ್ಯಾಕ್ಟರನ್ನು ತಳ್ಳಿಕೊಂಡು ಕೆಳಗೆ ಹೋಗುತ್ತಿತ್ತು.

ಕಾಲೋನಿಯ ಮಕ್ಕಳು ಸಂಜೆ ಮನೆಗೆ ಹೋಗುವಾಗ ಈ ಟ್ರಾಲಿಗಳ ಹಿಂದೆ ನೇತುಬೀಳುತ್ತಿದ್ದರು. ಕಬ್ಬು ಬಿಗಿದ ಹಗ್ಗ ಹಿಡಿದು, ಸಿಕ್ಕರೆ ಒಂದು ಜಲ್ಲೆಯನ್ನೂ ಎಳೆದುಕೊಂಡು, ಏರಿ ಹತ್ತುವ ಶ್ರಮ ಉಳಿಸುವುದು. ಹೆಡ್‌ಮೇಷ್ಟ್ರು ಅದಕ್ಕೆ ಬೆತ್ತದ ಆಜ್ಞೆ ಹೊರಡಿಸಿದ್ದರು. ಚನ್ನಕೇಶವ ಮೇಷ್ಟ್ರೂ ಎರಡು ಮೂರು ಸಲ ಬಾರಿಸಿದ್ದರು. ಆದರೆ ಮಕ್ಕಳಿಗೆ ತಮ್ಮದೇ ಒಂದು ಕಾನೂನಿತ್ತು. ಮೈಲಿಗಲ್ಲು ಕಂಡ ಕೂಡಲೇ ಕೈ ಬಿಡಬೇಕು, ಆಚೆಗೆ ಯಾರೂ ಹಿಡಿಯಬಾರದು. ಅಣ್ಣಂದಿರಿಂದ ತಮ್ಮಂದಿರಿಗೆ ಬಂದ ಕಾನೂನು ಅದು, ಯಾರೂ ಮೀರಿದವರಿಲ್ಲ. ಮೇಷ್ಟ್ರಿಗೆ ಇದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಅವರು ಚಿಕ್ಕವರಿದ್ದಾಗ ತಮ್ಮ ಮನೆಯ ಗಾಡಿಯ ಮೇಲೆ ಕೂತು ಹೋದವರೇ ಹೊರತು ಯಾರ ಗಾಡಿಗೂ ಹಿಂದಿನಿಂದ ನೇತುಬಿದ್ದವರಲ್ಲ.

ಎಂಬತ್ತಾರನೇ ಇಸವಿ ಜನವರಿ ಇಪ್ಪತ್ತೈದು, ಶನಿವಾರ. ಮಾರನೇ ದಿನ ಬಾವುಟ ಏರಿಸಬೇಕು. ಹೆಡ್‌ಮೇಷ್ಟ್ರು ಅಂಗಳಕ್ಕೆ ಸುಣ್ಣದ ಗೆರೆ ಎಳೆಸುತ್ತಿದ್ದರು. ಚನ್ನಕೇಶವ ಮೇಷ್ಟ್ರು ಮಾತ್ರ ಬೆಳಗಿನ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು, ಸೈಕಲ್ ಸ್ಟ್ಯಾಂಡು ಹಾಕುವುದನ್ನೂ ಮರೆತು, ಗೋಡೆಗೆ ಒರಗಿಸಿ ಕ್ಲಾಸಿಗೆ ನುಗ್ಗಿದರು.

"ಮಕ್ಕಳೇ, ನಿನ್ನೆ ನೀವೆಲ್ಲ ಉಂಡು ಮಲಗಿದ್ರಲ್ಲ, ಆಗ ಒಂದು ಯಂತ್ರ ಯುರೇನಸ್ ಅನ್ನೋ ಗ್ರಹದ ಪಕ್ಕದಲ್ಲೇ ಹಾದು ಹೋಯ್ತು. ಅದರ ಹೆಸರು ವಾಯೇಜರ್. ಒಳಗೆ ಡ್ರೈವರಿಲ್ಲ, ಕಂಡಕ್ಟರಿಲ್ಲ, ಒಂದು ನರಪಿಳ್ಳೆ ಇಲ್ಲ."

"ಮತ್ತೆ ಯಾರು ಓಡಿಸ್ತಾರೆ ಸಾ?" ಎಂದಿತು ಒಂದು ದನಿ.

"ಇಲ್ಲಿಂದ ರೇಡಿಯೋದಲ್ಲಿ ಹೇಳ್ತಾರೆ, ಅದು ಕೇಳಿಸಿಕೊಂಡು ಮಾಡುತ್ತೆ. ಎಷ್ಟು ದೂರ ಗೊತ್ತಾ? ಬೆಳಿಗ್ಗೆ ಪ್ರಾರ್ಥನೆ ಬೆಲ್ಲು ಹೊಡೆದಾಗ 'ಎಡಕ್ಕೆ ತಿರುಗಪ್ಪಾ' ಅಂದ್ರೆ, ಆ ಮಾತು ಅದಕ್ಕೆ ಮುಟ್ಟೋ ಹೊತ್ತಿಗೆ ಎರಡೂ ಮುಕ್ಕಾಲು ಗಂಟೆ ಆಗಿರುತ್ತೆ. ಅದು 'ತಿರುಗಿದೆ' ಅಂತ ಹೇಳೋ ಮಾತು ನಮಗೆ ಬರೋಕೆ ಇನ್ನೊಂದು ಎರಡೂ ಮುಕ್ಕಾಲು ಗಂಟೆ."

"ಕೋಟಾಲದಿನ್ನೆ ಹತ್ರ ಸೈಂಟಿಸ್ಟುಗಳು ಕಂಬ ನೆಟ್ಟು ತಂತಿ ಎಳೆದವ್ರಲ್ಲ ಸಾ, ಅದಕ್ಕೆ ಕೇಳಿಸ್ತದಾ?"

"ಅವು ಸೂರ್ಯನ ಸದ್ದು, ನಕ್ಷತ್ರದ ಸದ್ದು ಕೇಳೋ ತಂತಿಗಳು. ಇದರ ದನಿ ಬಲು ಸಣ್ಣದು ಕಣ್ರೋ. ದೇವರ ಮನೇಲಿ ಜೀರೋ ಬಲ್ಬು ಹಾಕ್ತಾರಲ್ಲ, ಅಂಥವು ಎರಡು ಉರಿಯೋಷ್ಟೂ ಶಕ್ತಿ ಇಲ್ಲ. ಅಷ್ಟರಲ್ಲೇ ಅಲ್ಲಿಂದ ಫೋಟೋ ಕಳಿಸ್ತಾ ಇದೆ."

ಆಮೇಲೆ ದೂರದ ಲೆಕ್ಕ. ಸೂರ್ಯ ಎಂದರೆ ಆಲೆಮನೆಯ ಬೆಲ್ಲದ ಕೊಪ್ಪರಿಗೆ, ಒಂದು ಗಜ ಅಗಲ, ಅದನ್ನು ನಮ್ಮ ಕ್ಲಾಸಿನಲ್ಲಿ ಇಟ್ಟೆವು ಅಂದುಕೊಳ್ಳಿ ಎಂದರು. ಭೂಮಿ ಒಂದು ಕಡಲೆಕಾಳು, ಅದರ ಜಾಗ ಗೇಟಿನಾಚೆಯ ಹೊಂಗೆಮರ. ಗುರು ಗ್ರಹ ಸುಲಿದ ತೆಂಗಿನಕಾಯಿ, ಅದು ಅರ್ಧ ಕಿಲೋಮೀಟರ್ ಆಚೆಯ ಆಂಜನೇಯನ ಗುಡಿ ಹತ್ತಿರ. ಯುರೇನಸ್ ಒಂದು ನಿಂಬೆಹಣ್ಣು. ಅದನ್ನು ಎಲ್ಲಿಡಬೇಕು? ಮಕ್ಕಳು ಗುಡಿ ಹಿಂದೆ ಅಂದರು, ಗೋಮಾಳ ಅಂದರು. ಮೇಷ್ಟ್ರು ತಲೆ ಅಲ್ಲಾಡಿಸಿ, "ಕೆರೆ ಏರಿ ಮೇಲೆ! ಮೈಲಿಗಲ್ಲಿನ ಹತ್ರ!" ಎಂದಾಗ ಇಡೀ ಕ್ಲಾಸು ಹೋ ಎಂದಿತು. ಸಂತೆಯಿಂದ ಮನೆಗೆಂದು ತಂದಿದ್ದ ನಿಂಬೆಹಣ್ಣಿನಲ್ಲಿ ಒಂದನ್ನು ಚೀಲದಿಂದ ತೆಗೆದು, ಏರಿ ದಾಟಿ ಮನೆಗೆ ಹೋಗುವ ಆಂಜಿನಮ್ಮನ ಕೈಗೆ ಕೊಟ್ಟು, "ಹೋಗ್ತಾ ಅಲ್ಲಿಟ್ಟು ಹಿಂದಕ್ಕೆ ತಿರುಗಿ ಸ್ಕೂಲು ನೋಡು, ಯುರೇನಸ್ಸಿಂದ ಸೂರ್ಯ ಎಷ್ಟು ಕಾಣ್ತಾನೆ ಅಂತ ಸೋಮವಾರ ಬಂದು ಹೇಳು" ಎಂದರು.

ಆಂಜಿನಮ್ಮ ಕಾಲೋನಿಯ ನಲ್ಲಪ್ಪ, ಕೊಂಡಮ್ಮನವರ ಒಬ್ಬಳೇ ಮಗಳು. ಹತ್ತು ವರ್ಷ. ಮಾತು ಕಡಿಮೆ, ಕಣ್ಣು ಜಾಸ್ತಿ. ಗಲಾಟೆ ಮಾಡುವ ಗುಂಪಿನಿಂದ ಎರಡು ಮಾರು ದೂರ ನಿಂತೇ ಆಟ ನೋಡುವ ಹುಡುಗಿ. ಒಂದು ದಿನವೂ ಟ್ರಾಲಿಗೆ ಕೈ ಹಾಕಿದವಳಲ್ಲ, ಭಯ. ಹೋದ ಜೂನಿನಲ್ಲಿ ಕೊಂಡಮ್ಮ ಅವಳನ್ನು ಸ್ಕೂಲು ಬಿಡಿಸಿ ಕಬ್ಬಿನ ಗರಿ ಸುಲಿಯಲು ಕರೆದೊಯ್ಯಲು ನೋಡಿದಾಗ ಮೇಷ್ಟ್ರೇ ಕಾಲೋನಿಗೆ ಹೋಗಿ, ಅಂಗಳದಲ್ಲಿ ಸೈಕಲ್ ಹಿಡಿದು ನಿಂತುಕೊಂಡೇ, "ಇವಳಿಗೆ ತಲೆ ಇದೆ ಕಣಮ್ಮ, ಹಾಳು ಮಾಡಬೇಡ" ಎಂದು ಹೇಳಿ ಬಂದಿದ್ದರು. ಕೊಂಡಮ್ಮನಿಗೆ ಅಕ್ಷರ ಗೊತ್ತಿಲ್ಲ. ಮೇಷ್ಟ್ರ ಮಾತೆಂದು ಒಪ್ಪಿಕೊಂಡಳು.

ನಿಂಬೆಹಣ್ಣು ಕೈಯಲ್ಲಿ ಹಿಡಿದೇ ಆಂಜಿನಮ್ಮ ಎದ್ದು ನಿಂತಳು. "ಅಷ್ಟು ದೂರ ಹೋಗೋಕೆ ಎಣ್ಣೆ ಸಾಕಾಗ್ತದಾ ಸಾ?"

ಸಾಕಾಗುವುದಿಲ್ಲ! ಅದೇ ಅಲ್ಲವೇ ಗುಟ್ಟು! ಆದರೆ ಆ ಗುಟ್ಟನ್ನು ಹತ್ತು ವರ್ಷದವರಿಗೆ ಹೇಳುವುದು ಹೇಗೆ? ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಇಪ್ಪತ್ತೇಳು ಮುಖಗಳು ಬಿಳಿಗೋಡೆಯ ಹಾಗೆ ಕೂತಿದ್ದವು. ಅಷ್ಟರಲ್ಲಿ ಹೊರಗೆ ದಡದಡ ಎಂದು ಒಂದು ಕಬ್ಬಿನ ಟ್ರ್ಯಾಕ್ಟರು ಹಾದು ಹೋಯಿತು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಆ ಕ್ಷಣ ಅವರಿಗೆ ಆದ ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಇದು ಅತಿಶಯೋಕ್ತಿಯಲ್ಲ, ಅವರೇ ಆಮೇಲೆ ಹೆಂಡತಿಯ ಮುಂದೆ ಒಪ್ಪಿಕೊಂಡ ಮಾತು.

"ಕಬ್ಬಿನ ಟ್ರಾಲಿಗೆ ನೇತುಬೀಳೋರು ಯಾರು ಯಾರು? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಮೇಜಿನ ಮೇಲೆ ಬೆತ್ತ ಇತ್ತು. ಮೇಷ್ಟ್ರು ಬೆತ್ತ ತೆಗೆದು ಕಿಟಕಿಯಿಂದ ಆಚೆ ಹಾಕಿ, "ಹೊಡೆಯಲ್ಲ, ಎತ್ತಿ" ಎಂದರು. ಹನ್ನೊಂದು ಕೈ ಮೇಲೆದ್ದವು.

"ಭೇಷ್. ನಿಮ್ಮ ಕಾಲಲ್ಲಿ ಎಷ್ಟು ಜೋರಿದೆಯೋ ಅಷ್ಟು ಓಡಿ ಹಗ್ಗ ಹಿಡೀತೀರ. ಹಿಡಿದ ಮೇಲೆ ಟ್ರ್ಯಾಕ್ಟರಿನ ಜೋರು ನಿಮ್ಮದೂ ಆಯ್ತು. ಬಿಟ್ಟ ತಕ್ಷಣ ಏನಾಗುತ್ತೆ? ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದಂಗೆ ಮುಂದಕ್ಕೆ ಓಡ್ತೀರ, ಹೌದಾ ಇಲ್ವಾ?"

"ಹೌದು ಸಾ!"

"ವಾಯೇಜರ್ ಮಾಡಿದ್ದೂ ಅದೇ! ಗುರು ಗ್ರಹ ದೊಡ್ಡ ಟ್ರ್ಯಾಕ್ಟರು. ಸೂರ್ಯನ ಸುತ್ತ ಓಡ್ತಾ ಇದೆ. ಇದು ಹೋಗಿ ಅದರ ಹಿಂದೆ ಸೇರಿಕೊಂಡಿತು. ಇದಕ್ಕೆ ಕೈಯಿಲ್ಲ, ಗ್ರಹವೇ ತನ್ನ ಕಡೆಗೆ ಎಳ್ಕೊಳ್ಳುತ್ತೆ. ಜೋರು ತಗೊಂಡು, ಬಿಟ್ಟು, ಶನಿ ಗ್ರಹಕ್ಕೆ ಹೋಯ್ತು. ಅಲ್ಲೂ ಹಂಗೇ ನೇತುಬಿದ್ದು ಜೋರು ತಗೊಂಡು ಯುರೇನಸ್ಸಿಗೆ. ಒಂದು ತೊಟ್ಟು ಎಣ್ಣೆ ಖರ್ಚಿಲ್ಲ. ನೀವು ಹಿಂದೆ ನೇತುಬಿದ್ದಿದ್ದು ಟ್ರ್ಯಾಕ್ಟರ್ ಡ್ರೈವರಿಗೆ ಗೊತ್ತಾಗುತ್ತಾ?"

"ಇಲ್ಲಾ ಸಾ!"

"ಗುರು ಗ್ರಹಕ್ಕೂ ಗೊತ್ತಾಗಲ್ಲ!"

ಕ್ಲಾಸು ನಕ್ಕೂ ನಕ್ಕೂ ಸುಸ್ತಾಯಿತು. ಏಟು ತಿನ್ನಿಸುತ್ತಿದ್ದ ಕಳ್ಳತನವನ್ನು ಮೇಷ್ಟ್ರೇ ಆಕಾಶಕ್ಕೆ ಏರಿಸಿದ್ದರು. ಆಂಜಿನಮ್ಮ ಮಾತ್ರ ನಗಲಿಲ್ಲ. ನಿಂತೇ ಇದ್ದಳು.

"ಬಿಡೋದು ಯಾವಾಗ ಸಾ?"

"ಏನಮ್ಮಾ?"

"ಬೇಗ ಬಿಟ್ರೆ ಜೋರು ಬರಲ್ಲ. ಬಿಡದೇ ಇದ್ರೆ ಅದ್ರ ಜೊತೇಗೇ ಹೊಂಟೋಗ್ತದೆ. ಯಾವಾಗ ಬಿಡಬೇಕು?"

ಟ್ರೈನಿಂಗಿನಲ್ಲಿ ಜೊತೆಗಿದ್ದ ಎಪ್ಪತ್ತು ಜನ ಮೇಷ್ಟ್ರುಗಳಲ್ಲಿ ಒಬ್ಬನೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಚನ್ನಕೇಶವ ಮೇಷ್ಟ್ರು ಸೀಮೆಸುಣ್ಣ ಮೇಜಿನ ಮೇಲಿಟ್ಟರು. "ಚಪ್ಪಾಳೆ ತಟ್ಟಿ ಎಲ್ಲರೂ!" ಎಂದರು. ತಟ್ಟಿದರು. "ಪೂರ್ತಿ ಜೋರು ಬಂದ ಮೇಲೆ ಬಿಡಬೇಕು ಕಣಮ್ಮ. ಮುಂಚೆ ಬಿಟ್ರೆ ಕೆಟ್ಟಿತು. ಇನ್ನು ಇದಕ್ಕಿಂತ ಜೋರಿಲ್ಲ ಅನ್ನಿಸಿದಾಗ ಬಿಡೋದು. ಆಗಲೇ ಯುರೇನಸ್ ಸಿಗೋದು."

ಆಂಜಿನಮ್ಮ ತಲೆಯಾಡಿಸಿ ಕೂತಳು.

ಹಾಗಂತ ನೀವು ಟ್ರಾಲಿಗೆ ನೇತುಬಿದ್ದೀರಿ ಜೋಕೆ, ಎಂದು ಕೊನೆಗೆ ಹೇಳಿದರೇ? ಈ ಒಂದು ಪ್ರಶ್ನೆ ಚನ್ನಕೇಶವ ಮೇಷ್ಟ್ರನ್ನು ಮುಂದೆ ತಿಂದು ಹಾಕಿತು. ಹೇಳಿದಂತೆ ನೆನಪು. ನಗುತ್ತಾ ಹೇಳಿದಂತೆ ನೆನಪು. ಮತ್ತೆ ಯೋಚಿಸಿದರೆ, ಹೇಳಬೇಕೆಂದುಕೊಂಡು ಬೆಲ್ಲು ಹೊಡೆದದ್ದರಿಂದ ಹೇಳದೇ ಉಳಿದಂತೆ ನೆನಪು.

ಕೈ ಎತ್ತಿದ ಹನ್ನೊಂದು ಜನರಿಗೆ ಮೇಷ್ಟ್ರ ಮಾತಿನಿಂದ ಏನೂ ಆಗಲಿಲ್ಲ. ಮೇಷ್ಟ್ರು ಹೇಳಿದ್ದು ಆಕಾಶದ ಮಾತು, ಮೈಲಿಗಲ್ಲು ನೆಲದ ಮಾತು ಎಂದು ಅವರ ಅಂಗೈಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಒಬ್ಬಳೇ.

ಸೋಮವಾರ ಬೆಳಿಗ್ಗೆ ಆಂಜಿನಮ್ಮ, "ಸ್ಕೂಲು ಕಾಣಲಿಲ್ಲ ಸಾ, ಹೊಂಗೆಮರದ ತಲೆ ಒಂದು ಚೂರು ಕಾಣ್ತು. ನಿಂಬೆಹಣ್ಣು ಇವತ್ತು ನೋಡಿದ್ರೆ ಇರಲಿಲ್ಲ" ಎಂದಳು. "ಯಾರೋ ಯುರೇನಸ್ ಉಪ್ಪಿನಕಾಯಿ ಹಾಕಿದ್ರು" ಎಂದು ಮೇಷ್ಟ್ರು ತಮಾಷೆ ಮಾಡಿದರು.

ಅದೇ ಸಂಜೆ ನಾಲ್ಕೂವರೆಗೆ ಬಾವುಟದ ಹಗ್ಗ ಸುತ್ತಿಟ್ಟು, ಕೊಠಡಿಗೆ ಬೀಗ ಹಾಕಿ ಮೇಷ್ಟ್ರು ಸೈಕಲ್ ಹತ್ತಿದರು. ಏರಿಯ ನೆತ್ತಿ ಮುಟ್ಟಿದಾಗ ಕೆಳಗೆ ತೂಬಿನ ಹತ್ತಿರ ಜನ ಕಂಡರು. ಕಬ್ಬಿನ ಟ್ರ್ಯಾಕ್ಟರು ಸ್ವಲ್ಪ ಮುಂದೆ ಅಡ್ಡಾದಿಡ್ಡಿ ನಿಂತಿತ್ತು. ನಾಲ್ಕೈದು ಗಂಡಸರು ಡ್ರೈವರ್ ಆವುಲಪ್ಪನನ್ನು ನೆಲಕ್ಕೆ ಕೆಡವಿ ತುಳಿಯುತ್ತಿದ್ದರು. ಅವನು ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡು, "ಅಣ್ಣಾ, ನನಗೆ ಗೊತ್ತೇ ಇಲ್ಲಣ್ಣಾ, ಹಿಂದೆ ಯಾರವ್ರೆ ಅಂತ ಗೊತ್ತೇ ಇಲ್ಲ" ಎನ್ನುತ್ತಿದ್ದ. ಕಲ್ಲುಕಟ್ಟೆಯ ಪಕ್ಕ ಒಂದು ಟವೆಲ್ ಹೊದಿಸಿದ್ದರು. ಟವೆಲ್ ಉದ್ದ ಸಾಕಾಗಿತ್ತು, ಅಷ್ಟು ಚಿಕ್ಕವಳು.

ಗುಂಪಿನ ಆಚೆ ಆಂಜಿನಮ್ಮನ ಗೆಳತಿ ಗಂಗುಲಮ್ಮ ಚೀಲ ಅವಚಿಕೊಂಡು ನಿಂತಿದ್ದಳು. ಮೇಷ್ಟ್ರನ್ನು ಕಂಡದ್ದೇ ಓಡಿ ಬಂದು ಅವರ ಪಂಚೆ ಹಿಡಿದುಕೊಂಡಳು.

"ನಾವೆಲ್ಲ ಮೈಲಿಗಲ್ಲು ಹತ್ರ ಬಿಟ್ವಿ ಸಾ. ಬಿಡು ಬಿಡು ಅಂತ ಅವಳಿಗೂ ಕೂಗಿದ್ವಿ. ಇನ್ನೂ ಜೋರು ಬಂದಿಲ್ಲ, ಸಾರು ಹೇಳವ್ರೆ ಜೋರು ಬಂದ ಮೇಲೆ ಬಿಡಬೇಕು ಅಂತ ಅಂದ್ಲು. ನಗ್ತಾ ಇದ್ಲು ಸಾ. ತೂಬಿನ ಹತ್ರ ಬಿಟ್ಲು. ಓಡೋಕಾಗಲಿಲ್ಲ."

ಗಲಾಟೆಯಲ್ಲಿ ಈ ಮಾತು ಮೇಷ್ಟ್ರ ಕಿವಿ ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಮೇಷ್ಟ್ರು ನೂರು ಸಲ ಮಕ್ಕಳ ಕೈಲಿ ಕಾಪಿ ಬರೆಸಿದ ಗಾದೆ ಅದು. ಅವರು ಸೈಕಲನ್ನು ರಸ್ತೆಯಲ್ಲೇ ಬಿಟ್ಟು ಕಟ್ಟೆಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಚಕ್ರ ಅವಳ ಮೈ ಮೇಲೆ ಹರಿದಿರಲಿಲ್ಲ. ಬಿದ್ದ ಜೋರಿಗೆ ತಲೆ ಕಲ್ಲಿಗೆ ಬಡಿದಿತ್ತು, ಅಷ್ಟೇ. ಆ ಜೋರು ಎಲ್ಲಿಂದ ಬಂತೆಂದು ಅಲ್ಲಿದ್ದವರಲ್ಲಿ ಅವರೊಬ್ಬರಿಗೇ ಚೆನ್ನಾಗಿ ಗೊತ್ತಿತ್ತು.

ಮಂಗಳವಾರ ಮಣ್ಣಾಯಿತು. ಊರು ತನಗೆ ಬೇಕಾದ ಹಾಗೆ ಕಾರಣ ಹುಡುಕಿಕೊಂಡಿತು. ಆವುಲಪ್ಪ ಕುಡಿದಿದ್ದ ಎಂದರು. ಅವನು ಹೆಂಡ ಮುಟ್ಟದ ಮನುಷ್ಯ, ಆದರೆ ಠಾಣೆಯಲ್ಲಿ ಕೂತವನ ಪರ ಯಾರು ಮಾತಾಡುತ್ತಾರೆ? ಅದಕ್ಕಿಂತ ದೊಡ್ಡ ಸುದ್ದಿ ನಿಂಬೆಹಣ್ಣಿನದು. ಶನಿವಾರ, ಅದೂ ಹುಣ್ಣಿಮೆ ಹೊತ್ತಿನಲ್ಲಿ, ಮೈಲಿಗಲ್ಲಿನ ಮುಂದೆ ಹಸಿ ನಿಂಬೆಹಣ್ಣು ಇದ್ದದ್ದನ್ನು ಕಣ್ಣಾರೆ ಕಂಡವರಿದ್ದರು. ಯಾರೋ ಮಾಟ ಮಾಡಿ ಇಟ್ಟಿದ್ದಾರೆ, ಹುಡುಗಿ ದಾಟಿಬಿಟ್ಟಿದೆ ಎಂದು ಎರಡು ಊರೂ ಮಾತಾಡಿಕೊಂಡವು. ದಾರಿಹೋಕನೊಬ್ಬ ಅದನ್ನು ಹೆದರಿ ಕೋಲಿನಿಂದ ಕೆರೆಗೆ ತಳ್ಳಿದ್ದನಂತೆ.

ಬುಧವಾರ ಮೇಷ್ಟ್ರು ಹೆಡ್‌ಮೇಷ್ಟ್ರ ಮುಂದೆ ಎಲ್ಲವನ್ನೂ ಹೇಳಿದರು. ಆ ದಿನ ಬೆಳಿಗ್ಗೆ ರೇಡಿಯೋದಲ್ಲಿ ಅಮೆರಿಕಾದ ಗಗನನೌಕೆ ಆಕಾಶದಲ್ಲೇ ಸಿಡಿದು ಏಳು ಜನ ಹೋದ ಸುದ್ದಿ. ಹೋದವರಲ್ಲಿ ಒಬ್ಬಾಕೆ ಸ್ಕೂಲಿನ ಟೀಚರಂತೆ. ವೆಂಕಟರವಣಪ್ಪನವರು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಏಮಯ್ಯಾ ಚನ್ನಕೇಶವ, ಅಷ್ಟು ದೊಡ್ಡ ಸೈಂಟಿಸ್ಟುಗಳ ಕೈಲೇ ತಪ್ಪಾಗ್ತದೆ, ನೀನ್ಯಾವ ಲೆಕ್ಕ? ನೀನು ನೇತುಬೀಳಬೇಡಿ ಅಂತ ಹೇಳಿದ್ದೆ. ಹೇಳಿದ್ದೆ ಅಂತಲೇ ಬರೆದುಕೊಡು. ಮಕ್ಕಳ ಕೈಲೂ ಹಂಗೇ ಹೇಳಿಸೋಣ."

"ಹೇಳಿದ್ನೋ ಇಲ್ವೋ ನೆನಪಿಲ್ಲ ಸಾರ್."

"ಹೇಳಿದ್ದೆ ಅಂತ ನಾನು ಹೇಳ್ತಿದ್ದೀನಲ್ಲ! ಕಾಲೋನಿಯಿಂದ ಈಗಲೇ ಮಕ್ಕಳು ಬರೋದು ಕಷ್ಟ. ಮೇಷ್ಟ್ರೇ ಹೇಳಿಕೊಟ್ಟು ಮಗು ಸತ್ತಿತು ಅಂದ್ರೆ ನಾಳೆಯಿಂದ ಒಂದು ಹೆಣ್ಣುಮಗು ಬರಲ್ಲ. ನಿನ್ನ ಎದೆಯುರಿ ತಣ್ಣಗಾಗಲಿ ಅಂತ ಸ್ಕೂಲು ಮುಚ್ಚಿಸ್ತೀಯಾ?"

ಮಾತಿನಲ್ಲಿ ಸತ್ಯವಿತ್ತು, ಅದೇ ಸಂಕಟ. ಮೇಷ್ಟ್ರು ಎದ್ದು ಬಂದರು. ಮನೆಯಲ್ಲಿ ಮೂರು ದಿನದಿಂದ ಅವರು ಯಾರಿಗೂ ಏನನ್ನೂ ಅರ್ಥ ಮಾಡಿಸಿರಲಿಲ್ಲ. ಅನ್ನದ ಮುಂದೆ ಸುಮ್ಮನೆ ಕೂತ ಗಂಡನನ್ನು ನೋಡಿ ಶ್ಯಾಮಲಮ್ಮನಿಗೆ ಭಯವಾಯಿತು. "ಹೋಗಿ ಅವರಮ್ಮನ ಹತ್ರ ಹೇಳಿಬಿಡಿ. ಬೈದ್ರೆ ಬೈಸ್ಕೊಳ್ಳಿ, ಹೊಡೆದ್ರೆ ಹೊಡೆಸ್ಕೊಳ್ಳಿ" ಎಂದರು.

ಗುರುವಾರ ಬೆಳಿಗ್ಗೆ ಮೇಷ್ಟ್ರು ಮೊದಲು ಠಾಣೆಗೆ ಹೋದರು. ಎರಡು ಹಾಳೆ ತುಂಬಾ ಬರೆದದ್ದನ್ನು ಅಲ್ಲಿದ್ದ ಅಧಿಕಾರಿಯ ಮುಂದಿಟ್ಟರು. ಆತ ಓದಿದ, ಕನ್ನಡಕ ತೆಗೆದ.

"ಏನ್ರೀ ಮೇಷ್ಟ್ರೇ ಇದು? ಗುರು, ಶನಿ ಅಂತ ಬರೆದಿದ್ದೀರಿ, ಜಾತಕಾನಾ?"

"ನಾನು ಹೇಳಿಕೊಟ್ಟಿದ್ದಕ್ಕೆ ಮಗು ಸತ್ತಿದೆ ಸಾರ್. ಆವುಲಪ್ಪನ ತಪ್ಪಿಲ್ಲ."

"ಪಾಠ ಮಾಡಿದ್ದಕ್ಕೆ ನಾನು ಯಾವ ಸೆಕ್ಷನ್ ಹಾಕಲಿ? ಟ್ರ್ಯಾಕ್ಟರ್ ಮಾಲೀಕರು ಜಾಮೀನು ಕೊಟ್ಟಿದ್ದಾರೆ, ಅವನು ಮಧ್ಯಾಹ್ನ ಹೋಗ್ತಾನೆ. ನೀವೂ ಹೋಗಿ, ಮಕ್ಕಳು ಕಾಯ್ತಿರ್ತಾರೆ." ಹಾಳೆಗಳನ್ನು ಮಡಿಸಿ ಮರ್ಯಾದೆಯಿಂದಲೇ ವಾಪಸು ಕೊಟ್ಟ.

ತಪ್ಪು ಮಾಡಿದವನಿಗೆ ಶಿಕ್ಷೆ ಕೊಡುವುದು ಕಷ್ಟವೆಂದು ನಾವು ತಿಳಿದಿರುತ್ತೇವೆ. ಶಿಕ್ಷೆ ಕೊಡಿ ಎಂದು ಬೇಡುವವನಿಗೆ ಅದು ಎಲ್ಲೂ ಹುಟ್ಟುವುದಿಲ್ಲ. ಮೇಷ್ಟ್ರಿಗೆ ಉಳಿದದ್ದು ಒಂದೇ ಬಾಗಿಲು.

ಅಂದು ಹಾಲುತುಪ್ಪ. ಗಂಡಸರು ಮಣ್ಣು ಮಾಡಿದ ಜಾಗಕ್ಕೆ ಹಾಲು ಬಿಟ್ಟು ಬಂದು ಜಗಲಿಯ ಮೇಲೆ ಕೂತಿದ್ದರು. ನಲ್ಲಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಯಾರು ಕರೆದರೂ ಏಳುತ್ತಿರಲಿಲ್ಲ. ಒಳಗೆ ಕೊಂಡಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ನೆರೆಮನೆಯ ಅಮ್ಮಾಜಮ್ಮ, ಇನ್ನು ನಾಲ್ಕು ಹೆಂಗಸರು. ಮೂರು ದಿನದಿಂದ ಅತ್ತಿಲ್ಲ, ಕಲ್ಲಾಗಿದ್ದಾಳೆ ಎಂದು ಅಮ್ಮಾಜಮ್ಮ ಪಿಸುಗುಟ್ಟಿದಳು. ಮೇಷ್ಟ್ರನ್ನು ಕಂಡು ಕೊಂಡಮ್ಮ ಸೆರಗು ಹೊದ್ದು ಏಳಹೋದಳು. ಮೇಷ್ಟ್ರು ತಲೆ ಬಗ್ಗಿಸಿ ಒಳಗೆ ಬಂದು ಅವಳ ಎದುರಿಗೆ ಬರೀ ನೆಲದ ಮೇಲೆ ಕೂತುಬಿಟ್ಟರು. ಹೆಂಗಸರು ಗಾಬರಿಯಾಗಿ ಚಾಪೆ ಹುಡುಕಿದರು. ಬೇಡವೆಂದರು.

"ಕೊಂಡಮ್ಮಾ, ಆವುಲಪ್ಪ ಕುಡಿದಿರಲಿಲ್ಲ. ಅವನಿಗೆ ಶಾಪ ಹಾಕಬೇಡ."

"ಡ್ರೈವರ್ ಏನ್ ಮಾಡ್ತಾನೆ ಸಾಮಿ, ಯಾರೋ ಮಾಟ ಮಾಡವ್ರೆ. ನಿಂಬೆಣ್ಣು ಇಟ್ಟಿದ್ರು."

"ಆ ನಿಂಬೆಹಣ್ಣು ನನ್ನದಮ್ಮ. ಅವಳ ಕೈಲಿ ನಾನೇ ಇಡಿಸಿದ್ದು. ಪಾಠಕ್ಕೆ."

ಕೊಂಡಮ್ಮ ಅವರ ಮುಖ ನೋಡಿದಳು. ಇನ್ನು ಪೂರ್ತಿ ಹೇಳದೆ ವಿಧಿಯಿರಲಿಲ್ಲ. ಹೇಳಬೇಕೆಂದರೆ ಮೊದಲಿಂದಲೇ ಹೇಳಬೇಕು. ಮೇಷ್ಟ್ರು ಹೇಳಿದರು. ಆಕಾಶದಲ್ಲಿ ಒಂದು ಯಂತ್ರ ಹೋಗುತ್ತಿದೆ ಎಂದರು. ಅದರಲ್ಲಿ ಜನವಿಲ್ಲ, ಅದಕ್ಕೆ ಎಣ್ಣೆ ಸಾಲದು ಎಂದರು. ನಿಂಬೆಹಣ್ಣು ಎಷ್ಟು ದೂರದ ಗ್ರಹವೆಂದೂ, ನಡುವೆ ದೊಡ್ಡ ಗ್ರಹಗಳು ಹೇಗೆ ಎಳೆದುಕೊಂಡು ಬಿಟ್ಟುಕೊಡುತ್ತವೆಂದೂ ಹೇಳಿದರು. ಬಂದದ್ದು ತಪ್ಪೊಪ್ಪಿಕೊಳ್ಳಲು. ಆದರೆ ಏನು ಮಾಡುವುದು, ಆ ಚಟ. ಎಲ್ಲಿ ಕೊಂಡಮ್ಮನ ಹುಬ್ಬು ಗಂಟಾಯಿತೋ ಅಲ್ಲಿ ಅವರ ನಾಲಿಗೆ ತಾನಾಗಿ ನಿಧಾನವಾಗಿ, ಅದನ್ನೇ ಬೇರೆ ಥರ ಬಿಡಿಸಿ ಹೇಳುತ್ತಿತ್ತು. ಕೊನೆಗೆ ಕಬ್ಬಿನ ಟ್ರಾಲಿಯ ಮಾತು ಬಂತು. ಅದನ್ನೂ ಹೇಳಿದರು.

"ಯಾವಾಗ ಬಿಡಬೇಕು ಅಂತ ಆಂಜಿನಮ್ಮ ಕೇಳಿದ್ಲು. ಪೂರ್ತಿ ಜೋರು ಬಂದ ಮೇಲೆ ಅಂತ ನಾನು ಹೇಳ್ದೆ. ಅವಳು ನನ್ನ ಮಾತು ನಂಬಿ ಅಲ್ಲೀವರೆಗೂ ಬಿಡಲಿಲ್ಲ. ನಾನು ಕೊಂದೆ ಕೊಂಡಮ್ಮಾ. ಬೇರೆ ಯಾರೂ ಅಲ್ಲ, ನಾನು."

ನಲ್ಲಪ್ಪ ಮಲಗಿದ್ದಲ್ಲೇ ಈ ಕಡೆ ತಿರುಗಿದ್ದ. ಮೇಷ್ಟ್ರು ತಲೆ ತಗ್ಗಿಸಿ ಕಾದರು. ಒಂದು ಏಟು, ಒಂದು ಬೈಗುಳ, ಕೊನೆಗೆ ಆಚೆ ಹೋಗು ಅನ್ನುವ ಒಂದು ಮಾತಾದರೂ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

"ಈ ಪ್ರಶ್ನೆ ಅವಳೇ ಕೇಳಿದ್ಲಾ?" ಎಂದಳು ಕೊಂಡಮ್ಮ.

"ಅವಳೇ ಕೇಳಿದ್ದು."

"ಬೇರೆ ಮಕ್ಳು?"

"ಬೇರೆ ಯಾರಿಗೂ ಹೊಳೀಲಿಲ್ಲ."

ಕೊಂಡಮ್ಮ ಸ್ವಲ್ಪ ಮುಂದಕ್ಕೆ ಬಾಗಿದಳು. "ನೀವು ಈಗ ಹೇಳಿದ್ರಲ್ಲ ಸಾಮಿ, ಗ್ರಹ, ಯಂತ್ರ. ನನಗೆ ಅರ್ಧ ಆಯ್ತು, ಅರ್ಧ ಆಗಲಿಲ್ಲ. ಅವ್ಳಿಗೆ ಆಗಿತ್ತಾ?"

ಇದಕ್ಕೆ ಸುಳ್ಳು ಹೇಳುವುದು ಮೇಷ್ಟ್ರ ಕೈಲಿ ಆಗುತ್ತಿರಲಿಲ್ಲ, ನಿಜ ಹೇಳುವುದೂ ಆಗುತ್ತಿರಲಿಲ್ಲ.

"ಆಗಿತ್ತಮ್ಮ. ಕ್ಲಾಸಿಗೆಲ್ಲ ಅವಳೊಬ್ಬಳಿಗೇ ಪೂರ್ತಿ ಅರ್ಥ ಆಗಿದ್ದು."

ಕೊಂಡಮ್ಮನ ಮುಖ ಅರಳಿತು. ಸತ್ತ ಮನೆಯಲ್ಲಿ, ಮೂರು ದಿನ ಕಲ್ಲಾಗಿದ್ದ ಆ ಮುಖ ಚನ್ನಕೇಶವ ಮೇಷ್ಟ್ರ ಕಣ್ಣೆದುರಿಗೇ ಅರಳಿತು, ಅರಳಿದ್ದರಲ್ಲೇ ಕಣ್ಣೀರು ದಳದಳ ಇಳಿಯತೊಡಗಿತು. ಅವಳು ಅಮ್ಮಾಜಮ್ಮನ ತೊಡೆ ಹಿಡಿದು ಅಲ್ಲಾಡಿಸಿದಳು.

"ಕೇಳಿದ್ಯಾ ಅಮ್ಮಾಜಕ್ಕಾ? ಕ್ಲಾಸಿಗೆಲ್ಲ ನನ್ನ ಮಗಳೊಬ್ಬಳಿಗೇ ಅಂತೆ. ರೀ, ಕೇಳಿದ್ರಾ, ಏಳ್ರೀ ಮೇಲೆ, ಮೇಷ್ಟ್ರು ಬಂದು ಹೇಳ್ತಾವ್ರೆ."

ನಲ್ಲಪ್ಪ ಎದ್ದು ಕೂತ. ಜಗಲಿಯ ಗಂಡಸರು ಬಾಗಿಲಿಗೆ ಬಂದು ನಿಂತರು. ಕೊಂಡಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮೇಷ್ಟ್ರ ಕಡೆ ತಿರುಗಿ ಕೈ ಮುಗಿದಳು.

"ಇವ್ರಪ್ಪ ಮೊದಲಿಂದ ಕೇಳಲಿಲ್ಲ ಸಾಮಿ. ನಮ್ಮ ಆಂಜಿ ಏನ್ ಕೇಳಿದ್ಲು, ನೀವೇನ್ ಹೇಳಿದ್ರಿ, ಇನ್ನೊಂದು ಸಲ ಹೇಳಿ."

ಮೇಷ್ಟ್ರು ನಲ್ಲಪ್ಪನ ಮುಖ ನೋಡಿದರು, ಬಾಗಿಲಲ್ಲಿ ನಿಂತವರನ್ನು ನೋಡಿದರು. ಎಲ್ಲರೂ ಕಾಯುತ್ತಿದ್ದರು. ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದರು.